ಮೂರನೇ ವಾರದ ಸಾವು ಮತ್ತು ನೀರಿನ ಲೈನು

ದೊಡ್ಡಬಳ್ಳಾಪುರ, ಗೌರಿಬಿದನೂರು ಭಾಗದ ಬ್ರಾಯ್ಲರ್ ಫಾರಂಗಳನ್ನು ನೋಡಿಕೊಳ್ಳುವ ಪಶುವೈದ್ಯನಾದ ನನಗೆ ಹೆಚ್ಚಾಗಿ ಕರೆ ಬರುವುದು ಬ್ಯಾಚಿನ ಮೂರನೇ ವಾರದಲ್ಲಿ. ಅಲ್ಲಿಯವರೆಗೆ ಚೆನ್ನಾಗಿ ಮೇವು ತಿಂದು ತೂಕ ಕಟ್ಟಿದ ಮರಿಗಳಲ್ಲಿ ಕೆಲವು ರೆಕ್ಕೆ ಜೋಲಿಸಿ ಮೂಲೆ ಹಿಡಿಯುತ್ತವೆ, ರಾತ್ರಿ ಶೆಡ್ಡಿನಲ್ಲಿ ಗೊರಗೊರ ಉಸಿರು ಕೇಳಿಸುತ್ತದೆ, ಬೆಳಗ್ಗೆ ಎತ್ತುವ ಸತ್ತ ಕೋಳಿಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತದೆ. ಕೊಯ್ದು ನೋಡಿದರೆ ಹೃದಯದ ಸುತ್ತಲೂ ಯಕೃತ್ತಿನ ಮೇಲೂ ಹಳದಿ ಮಿಶ್ರಿತ ಬಿಳಿ ಪೊರೆ ಕಟ್ಟಿರುತ್ತದೆ. ತಿಳಿಯಾಗಿರಬೇಕಾದ ಗಾಳಿಚೀಲಗಳು (ಶ್ವಾಸಕೋಶಕ್ಕೆ ಸೇರಿಕೊಂಡ ತೆಳು ಚೀಲಗಳು) ಮಂಕಾಗಿ ದಪ್ಪಗಾಗಿರುತ್ತವೆ. ಇವು ಬಹುಮಟ್ಟಿಗೆ ಈ. ಕೋಲಿ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಲಕ್ಷಣಗಳು. ಆ ಹೊತ್ತಿನಲ್ಲಿ ರೈತರು ಕೇಳುವುದು ಯಾವ ಔಷಧಿ ಹಾಕಬೇಕೆಂದು; ನಾನು ಮೊದಲು ಕೇಳುವುದು ಹಿಂದಿನ ಬ್ಯಾಚು ಹೋದ ಮೇಲೆ ನೀರಿನ ಲೈನು ತೊಳೆದಿರಾ ಎಂದು.

ಈ. ಕೋಲಿ ಆರೋಗ್ಯವಂತ ಕೋಳಿಯ ಕರುಳಿನಲ್ಲೂ ಇರುತ್ತದೆ. ಅದು ರೋಗವಾಗಿ ತಿರುಗಬೇಕಾದರೆ ಒಳಹೋಗಲು ದಾರಿ ಬೇಕು. ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿ ಗಟ್ಟಿ ಕಟ್ಟಿಕೊಂಡಲ್ಲಿ ಅಮೋನಿಯಾ ಅನಿಲ ಏಳುತ್ತದೆ. ಅದು 25 ಪಿಪಿಎಂ (ಹತ್ತು ಲಕ್ಷದಲ್ಲಿ 25 ಭಾಗ) ದಾಟಿದರೆ ಶ್ವಾಸನಾಳದ ಸೂಕ್ಷ್ಮ ರೋಮಗಳು ಹಾಳಾಗಿ, ಧೂಳಿನೊಂದಿಗೆ ಬಂದ ಬ್ಯಾಕ್ಟೀರಿಯಾ ನೇರವಾಗಿ ಗಾಳಿಚೀಲಕ್ಕೆ ಇಳಿಯುತ್ತದೆ. ನಿಂತವರಿಗೆ ವಾಸನೆ ಅಷ್ಟಾಗಿ ತಿಳಿಯುವುದಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು ಕೋಳಿಯ ಮೂಗಿನ ಮಟ್ಟದಲ್ಲಿ ಒಂದೆರಡು ನಿಮಿಷ ಉಸಿರಾಡಿದರೆ ಕಣ್ಣು ಉರಿಯುತ್ತದೆಯೇ ಎಂಬುದು ಗೊತ್ತಾಗುತ್ತದೆ. ಉಸಿರಾಟಕ್ಕೆ ತಗಲುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಸೋಂಕು, ಲಸಿಕೆಯ ನಂತರದ ಒತ್ತಡ, ಚಳಿಗಾಲದ ರಾತ್ರಿ ಪರದೆಗಳನ್ನು ಪೂರ್ತಿ ಮುಚ್ಚಿಬಿಡುವುದು, ಇವೆಲ್ಲವೂ ಅದೇ ದಾರಿಯನ್ನು ತೆರೆಯುತ್ತವೆ.

ಆದರೆ ನಾನು ಹೆಚ್ಚು ಒತ್ತಿ ಹೇಳುವುದು ನೀರಿನ ವಿಷಯವನ್ನು. ಒಂದು ಫಾರಂನಲ್ಲಿ ರೈತರು ಟ್ಯಾಂಕಿನ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, "ನೋಡಿ ಸಾರ್, ಕನ್ನಡಿ ಇದ್ದಂಗಿದೆ" ಎಂದರು. ಆ ನೀರು ನಿಜಕ್ಕೂ ತಿಳಿಯಾಗಿತ್ತು, ಕ್ಲೋರಿನ್ನೂ ಇತ್ತು. ಕೋಳಿಗಳು ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ನಿಪ್ಪಲ್‌ಗಳಿರುವ ಪೈಪಿನ, ಅಂದರೆ ನಿಪ್ಪಲ್ ಲೈನಿನ, ಕೊನೆಯ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿದಾಗ ಕಂದು ಬಣ್ಣದ ಲೋಳೆ ಅಂಟಿಕೊಂಡು ಬಂತು. ಅಲ್ಲಿಯ ನೀರಿನಲ್ಲಿ ಕ್ಲೋರಿನ್ ಸುಳಿವೇ ಇರಲಿಲ್ಲ. ನೀರಿನಲ್ಲಿ ಕೊಡುವ ಬೆಲ್ಲ, ವಿಟಮಿನ್, ಎಲೆಕ್ಟ್ರೋಲೈಟ್‌ಗಳ ಶೇಷವೇ ಈ ಲೋಳೆಗೆ ಆಹಾರ, ಎಳೆಯ ಮರಿಗಳಿಗೆ ಕೊಡುವ ಬ್ರೂಡಿಂಗಿನ ಬಿಸಿಯೇ ಅದಕ್ಕೆ ಅನುಕೂಲ. ಅದರೊಳಗೆ ಅಡಗಿದ ಬ್ಯಾಕ್ಟೀರಿಯಾವನ್ನು ದಿನನಿತ್ಯದ ಕ್ಲೋರಿನ್ ಮುಟ್ಟಲಾರದು. ಆದ್ದರಿಂದ ಶೆಡ್ಡು ಖಾಲಿ ಇರುವಾಗಲೇ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಲೇಬಲ್ಲಿನಲ್ಲಿ ಹೇಳಿದ ಪ್ರಮಾಣದಲ್ಲಿ ಲೈನಿಗೆ ತುಂಬಿಸಿ, ಅಲ್ಲಿ ಹೇಳಿದಷ್ಟು ಹೊತ್ತು ನಿಲ್ಲಿಸಿ, ಆಮೇಲೆ ಕೊನೆಯ ಮುಚ್ಚಳ ತೆಗೆದು ಜೋರು ಒತ್ತಡದ ನೀರಿನಿಂದ ಹೊರದೂಡಬೇಕು. ಮರಿ ಬಂದ ಮೇಲೆ ಕ್ಲೋರಿನ್ ಅಳೆಯಬೇಕಾದದ್ದು ಕೊನೆಯ ನಿಪ್ಪಲ್ಲಿನಲ್ಲಿ. ಅಲ್ಲಿ 2ರಿಂದ 3 ಪಿಪಿಎಂ ಉಳಿದಿರಬೇಕು. ನೀರಿನ ಪಿಎಚ್ (ಆಮ್ಲ-ಕ್ಷಾರದ ಮಟ್ಟ) 8ನ್ನು ದಾಟಿದರೆ ಕ್ಲೋರಿನ್ನಿನ ಶಕ್ತಿ ಬಹಳ ಕುಗ್ಗುವುದರಿಂದ ಬೋರ್‌ವೆಲ್ ನೀರಿನ ಪಿಎಚ್ ನೋಡದೆ ಕ್ಲೋರಿನ್ ಹಾಕುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಪಿಎಚ್ ಇಳಿಸುವ ಆಮ್ಲವನ್ನು ಮತ್ತು ಬ್ಲೀಚಿಂಗ್ ಪುಡಿಯನ್ನು ಒಂದೇ ಬಕೆಟ್ಟಿನಲ್ಲಿ ಕಲಸಲೇಬಾರದು, ವಿಷಾನಿಲ ಏಳುತ್ತದೆ. ನೀರಿನಲ್ಲಿ ಲಸಿಕೆ ಕೊಡುವ ಮುನ್ನ ಕ್ಲೋರಿನ್ ನಿಲ್ಲಿಸುವುದನ್ನೂ ಮರೆಯಬಾರದು.

ಬಾಗಿಲಿನಿಂದ ಸೋಂಕು ಒಳಬರದಂತೆ ತಡೆಯುವ ವಿಷಯದಲ್ಲಿ ದುಬಾರಿ ಸಲಕರಣೆಗಿಂತ ಒಂದು ಜೊತೆ ಚಪ್ಪಲಿ ಹೆಚ್ಚು ಕೆಲಸ ಮಾಡುತ್ತದೆ. ಪ್ರತಿ ಶೆಡ್ಡಿಗೂ ಒಳಗಷ್ಟೇ ಬಳಸುವ ಬೇರೆ ಚಪ್ಪಲಿ ಇರಬೇಕು, ಹೊರಗಿನದು ಹೊಸ್ತಿಲು ದಾಟಬಾರದು. ಕಾಲು ಅದ್ದುವ ತೊಟ್ಟಿಯಲ್ಲಿ ಹಿಕ್ಕೆ, ಮಣ್ಣು ಬಿದ್ದು ಕದಡಿದ ದ್ರಾವಣ ಸೋಂಕು ಕೊಲ್ಲುವುದಿಲ್ಲವಾದ್ದರಿಂದ ಅದನ್ನು ದಿನವೂ ಬದಲಿಸಬೇಕು. ಲಿಫ್ಟಿಂಗ್ ದಿನ, ಅಂದರೆ ಕೋಳಿಗಳನ್ನು ಮಾರಾಟಕ್ಕೆ ಎತ್ತುವ ದಿನ, ಈ ಶಿಸ್ತೆಲ್ಲ ಸಡಿಲಾಗುತ್ತದೆ: ಊರೂರು ತಿರುಗಿದ ಕ್ರೇಟು, ತಕ್ಕಡಿ, ಕೂಲಿಯವರ ಕಾಲು, ಎಲ್ಲವೂ ಒಳಗೆ ಬರುತ್ತವೆ. ಅರ್ಧ ಕೋಳಿ ಎತ್ತಿ ಉಳಿದದ್ದನ್ನು ಇನ್ನೊಂದು ವಾರ ಇಟ್ಟುಕೊಳ್ಳುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಇಡಲೇಬೇಕಾದರೆ ತೊಳೆದ ಕ್ರೇಟುಗಳನ್ನಷ್ಟೇ ಒಳಗೆ ಬಿಡಬೇಕು. ಎರಡು ಬ್ಯಾಚುಗಳ ನಡುವೆ ಶೆಡ್ಡನ್ನು ಖಾಲಿ ಬಿಡುವ 14 ದಿನಗಳನ್ನು ಕೊನೆಯ ಲಾರಿ ಹೋದ ದಿನದಿಂದಲ್ಲ, ಹಳೆಯ ಹೊಟ್ಟು ಹೊರಹಾಕಿ ತೊಳೆದು ಮುಗಿಸಿದ ದಿನದಿಂದ ಎಣಿಸಬೇಕು. ಹಳೆಯ ಹೊಟ್ಟನ್ನು ಶೆಡ್ಡಿನ ಪಕ್ಕದಲ್ಲೇ ಗುಡ್ಡೆ ಹಾಕಿದರೆ ಅದರಲ್ಲಿರುವ ಕಪ್ಪು ಹುಳುಗಳೂ ಇಲಿಗಳೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಮರಳಿ ಒಳಗೆ ತರುತ್ತವೆ.

ಔಷಧಿಯ ಮೇಲಿನ ನಂಬಿಕೆ ಇನ್ನೂ ಗಟ್ಟಿಯಾಗಿರುವುದು ನನಗೆ ಚಿಂತೆಯ ವಿಷಯ. ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರಗಳಲ್ಲೊಂದು ಎಂಬ ಕಾರಣಕ್ಕೆ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಅದನ್ನು ಕೋಳಿ ಸೇರಿದಂತೆ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸದಂತೆ ನಿಷೇಧಿಸಿತು. ಉಳಿದ ಆಂಟಿಬಯೋಟಿಕ್‌ಗಳನ್ನು ಕೂಡ ಅಂದಾಜಿನ ಮೇಲೆ ಕೊಡುವ ಬದಲು, ಆಗತಾನೇ ಸತ್ತ ಕೋಳಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ಯಾವುದಕ್ಕೆ ಬ್ಯಾಕ್ಟೀರಿಯಾ ಮಣಿಯುತ್ತದೆಂದು ಪರೀಕ್ಷಿಸಿಯೇ ಕೊಡಬೇಕು. ಕೊಟ್ಟ ಮೇಲೆ ಲೇಬಲ್ಲಿನಲ್ಲಿ ಸೂಚಿಸಿದ ದಿನಗಳು ಕಳೆಯುವವರೆಗೆ ಕೋಳಿಯನ್ನು ಮಾರಾಟಕ್ಕೆ ಬಿಡಬಾರದು.

ನಮ್ಮಂತಹ ವೈದ್ಯರು ಮತ್ತು ಸೂಪರ್‌ವೈಸರ್‌ಗಳೂ ಸೋಂಕು ಹೊತ್ತೊಯ್ಯುವವರೇ ಆಗಬಹುದಾದ್ದರಿಂದ, ನಾನು ಎಳೆಯ ಮರಿಗಳಿರುವ ಫಾರಂನಿಂದ ದಿನ ಆರಂಭಿಸಿ, ರೋಗ ಕಂಡ ಫಾರಂ ಅನ್ನು ಕೊನೆಗಿಟ್ಟುಕೊಳ್ಳುತ್ತೇನೆ. ಅಲ್ಲಿಂದ ಮತ್ತೊಂದು ಶೆಡ್ಡಿಗೆ ಆ ದಿನ ಹೋಗುವುದಿಲ್ಲ, ಎಷ್ಟೇ ತುರ್ತಿನ ಕರೆ ಬಂದರೂ ಫೋನಿನಲ್ಲೇ ಸಲಹೆ ಕೊಡುತ್ತೇನೆ.