ಯಾವಾ, ಯೆಜ್ದಿ: ಅಪ್ಪನ ಜೊತೆ ಪ್ರಾಗ್‌ನಲ್ಲಿ ಐದು ದಿನ

ಯುರೋಪಿಗೆ ಕರ್ಕೊಂಡು ಹೋಗ್ತೀನಿ, ಯಾವ ಊರು ನೋಡ್ತೀರಿ ಅಂತ ಕೇಳಿದೆ. ಅಪ್ಪ ಪ್ಯಾರಿಸ್ ಅನ್ನಲಿಲ್ಲ, ಲಂಡನ್ ಅನ್ನಲಿಲ್ಲ. "ಜಾವಾ ಹುಟ್ಟಿದ ಊರಿಗೆ ಹೋಗೋಣ" ಅಂದರು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರ್ ಬೈಕೊಂದನ್ನು ಅವರು ಸೆಕೆಂಡ್ ಹ್ಯಾಂಡ್ ಕೊಂಡು ಇಪ್ಪತ್ತೆರಡು ವರ್ಷ ಓಡಿಸಿದವರು. 1961ರಲ್ಲಿ ಗಾಡಿ ಮಾಡಲು ಶುರು ಮಾಡಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ ಮೂಲ ಮಾತ್ರ ಚೆಕ್ ದೇಶದ್ದು. 1929ರಲ್ಲಿ ಯಾನೆಚೆಕ್ ಅನ್ನುವವರು ಜರ್ಮನಿಯ ವಾಂಡರರ್ ಬೈಕಿನ ವಿನ್ಯಾಸ ಕೊಂಡು ತಂದು, ಎರಡೂ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಜಾವಾ ಅಂತ ಹೆಸರಿಟ್ಟರು. ಹಾಗಾಗಿ 2023ರ ಮೇ ತಿಂಗಳಲ್ಲಿ ನಾವಿಬ್ಬರು ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೊರಟೆವು. ಆಗ ಅಪ್ಪನಿಗೆ 71, ಮಂಡಿ ನೋವು ಬೇರೆ.

ವೀಸಾ ಬಗ್ಗೆ ಜಾಸ್ತಿ ಹೇಳಲ್ಲ. ಬೇಕಾಗುವುದು ಶೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವಂಥದ್ದು. ಹೋಗುವ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಬೇಸಿಗೆ ರಜೆಗೆ ಹೋಗುವವರು ಹಾಗೇ ಮಾಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವೀಸಾ ಶುಲ್ಕ ಅಂತ ನಾವು ಕಟ್ಟಿದ್ದು ತಲೆಗೆ 80 ಯೂರೋ, 2024ರ ಜೂನ್‌ನಿಂದ ಅದು 90 ಆಗಿದೆ. ಬೆಂಗಳೂರಿನಿಂದ ನೇರ ವಿಮಾನ ಇರಲಿಲ್ಲ, ದುಬೈಯಲ್ಲಿ ಬದಲಿಸಿದೆವು. ಪ್ರಾಗ್‌ನಲ್ಲಿ ಇಳಿದಾಗ ಪಾಸ್‌ಪೋರ್ಟಿಗೆ ಠಪ್ ಅಂತ ಸೀಲ್ ಬಿತ್ತು. ಅಪ್ಪ ಅದನ್ನು ಊರಿಗೆ ಬಂದ ಮೇಲೆ ಅರ್ಧ ಬೀದಿಗೆ ತೋರಿಸಿದರು. 2025ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಸೀಲಿನ ಬದಲು ಬೆರಳಚ್ಚು, ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿಕೊಳ್ಳುವ ಪದ್ಧತಿ ಬಂದಿದೆ. ತೋರಿಸೋಕೆ ಏನೂ ಸಿಗಲ್ಲ, ಪಾಪ.

ಏರ್‌ಪೋರ್ಟಿನಿಂದ ಊರೊಳಗೆ ಟ್ಯಾಕ್ಸಿಯೇ ಬೇಕು ಅಂತೇನಿಲ್ಲ. ನಾವು 119 ನಂಬರ್ ಬಸ್ ಹತ್ತಿ ನಾದ್ರಾಝಿ ವೆಲೆಸ್ಲಾವೀನ್ ಎಂಬ ಸ್ಟೇಷನ್ನಿಗೆ ಬಂದು, ಅಲ್ಲಿಂದ ಹಸಿರು ಗೆರೆಯ ಮೆಟ್ರೋ ಹಿಡಿದೆವು. 2024ರಿಂದ ಆ ದಾರಿಯಲ್ಲಿ 119ರ ಬದಲು 59 ನಂಬರಿನ ಉದ್ದನೆಯ ಟ್ರಾಲಿಬಸ್ (ಕರೆಂಟ್ ಬಸ್ಸು) ಓಡುತ್ತದೆ. ಒಂದೇ ಟಿಕೆಟ್ ಬಸ್ಸು, ಮೆಟ್ರೋ, ಟ್ರಾಮ್ ಮೂರಕ್ಕೂ ನಡೆಯುತ್ತದೆ. ನಾವು ಹೋದಾಗ ಮೂರು ದಿನದ ಪಾಸಿಗೆ ಅಲ್ಲಿನ ದುಡ್ಡಿನಲ್ಲಿ 330 ಕೊರೂನಾ ಇತ್ತು, ಈಗಿನ ದರ ನೋಡಿಕೊಂಡು ಹೋಗಿ. 65 ದಾಟಿದವರು ಪಾಸ್‌ಪೋರ್ಟ್ ತೋರಿಸಿದರೆ ಸಾಕಿತ್ತು, ದುಡ್ಡಿಲ್ಲ. ಯಾರೂ ಕೇಳದಿದ್ದರೂ ಅಪ್ಪ ಐದೂ ದಿನ ಪಾಸ್‌ಪೋರ್ಟ್ ಹಿಡಿದುಕೊಂಡೇ ಮೆಟ್ರೋ ಇಳಿಯುತ್ತಿದ್ದರು.

ಒಂದು ವಿಷಯ ಮಾತ್ರ ಮರೆಯಬೇಡಿ. ನಮ್ಮ ಮೆಟ್ರೋದ ಹಾಗೆ ಅಲ್ಲಿ ಗೇಟುಗಳಿಲ್ಲ. ಸುಮ್ನೆ ನಡೆದು ಹೋಗಬಹುದು, ಅದೇ ಅಪಾಯ. ಕಾಗದದ ಟಿಕೆಟನ್ನು ಹಳದಿ ಡಬ್ಬದೊಳಗೆ ತೂರಿಸಿ ಒಂದು ಸಲ ಸಮಯ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಬರುತ್ತಾರೆ, ಅಂಗೈಯಲ್ಲಿ ಬಿಲ್ಲೆ ತೋರಿಸುತ್ತಾರೆ. ನಮ್ಮ ಬೋಗಿಯಲ್ಲೇ ಇಬ್ಬರು ಹುಡುಗರು ಸಿಕ್ಕಿಬಿದ್ದರು, ಟಿಕೆಟ್ ಕೊಂಡಿದ್ದೀವಿ ಅಂತ ಎಷ್ಟು ಹೇಳಿದರೂ ಬಿಡಲಿಲ್ಲ.

ನಾವು ಉಳಿದಿದ್ದು ನಾಮ್ಯೆಸ್ತಿ ಮೀರು ಎಂಬ ಸ್ಟೇಷನ್ ಪಕ್ಕ, ಸಣ್ಣ ಅಡುಗೆಮನೆ ಇದ್ದ ಒಂದು ಕೋಣೆಯಲ್ಲಿ. ಆ ಸ್ಟೇಷನ್ 53 ಮೀಟರ್ ಆಳದಲ್ಲಿದೆ. ಎಸ್ಕಲೇಟರ್ ಉದ್ದವೇ 87 ಮೀಟರ್. ಅದು ಓಡುವ ಜೋರಿಗೆ ಮೊದಲ ದಿನ ಅಪ್ಪ ಹತ್ತಲೇ ಇಲ್ಲ. ಒಂದು, ಎರಡು, ಮೂರು ಅಂತ ಎಣಿಸಿ ಕೈ ಹಿಡಿದು ಹತ್ತಿಸಬೇಕಾಯಿತು, ಜಾಯಿಂಟ್ ವೀಲ್ ಹತ್ತಿಸಿದ ಹಾಗೆ.

ಇನ್ನು ದುಡ್ಡು. ಚೆಕ್ ದೇಶ ಯುರೋಪಿಯನ್ ಒಕ್ಕೂಟದಲ್ಲಿದೆ, ಆದರೆ ಅಲ್ಲಿ ಯೂರೋ ಇಲ್ಲ, ಕೊರೂನಾ. ಗೊತ್ತಿದ್ದೂ ನಾನು ಬೇಸ್ತು ಬಿದ್ದೆ. ಹಳೇ ಊರಿನ ಗಲ್ಲಿಯಲ್ಲಿ ಕಮಿಷನ್ ಸೊನ್ನೆ ಅಂತ ದೊಡ್ಡಕ್ಷರದಲ್ಲಿ ಬರೆದಿದ್ದ ಒಂದು ಕೌಂಟರಿನಲ್ಲಿ 100 ಯೂರೋ ಕೊಟ್ಟೆ. 2,300 ಮೇಲೆ ಬರಬೇಕಿತ್ತು, 1,800 ಚಿಲ್ಲರೆ ಬಂತು. ಕಮಿಷನ್ ಸೊನ್ನೆಯೇ, ಸುಳ್ಳಲ್ಲ. ಮೋಸ ಇದ್ದಿದ್ದು ದರದಲ್ಲಿ. ಸಪ್ಪೆ ಮುಖ ಹಾಕಿಕೊಂಡು ಕೋಣೆಗೆ ಬಂದರೆ, ರಿಸೆಪ್ಷನ್ ಹುಡುಗಿ ರಸೀದಿ ಕೇಳಿದಳು. ಗಡಿಯಾರ ನೋಡಿದಳು. "ಮೂರು ಗಂಟೆ ಆಗಿಲ್ಲ, ಓಡಿ" ಅಂದಳು. 2019ರಿಂದ ಅಲ್ಲಿ ಒಂದು ಕಾನೂನಿದೆ. 1,000 ಯೂರೋ ಒಳಗಿನ ಬದಲಾವಣೆಯನ್ನು ಮೂರು ಗಂಟೆಯೊಳಗೆ ರಸೀದಿ ಹಿಡಿದು ಹೋಗಿ ರದ್ದು ಮಾಡಿಸಬಹುದು. ಓಡಿದೆ. ಕೌಂಟರಿನವನು ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟ, ಒಂದು ಫಾರಂ ಕೊಟ್ಟ, ಸಹಿ ಹಾಕಿಸಿಕೊಂಡು ನೂರು ಯೂರೋ ವಾಪಸ್ ಕೊಟ್ಟ. ಜಗಳ ಮಾಡಲು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ದಂಡವಾಯಿತು.

ಅದಾದ ಮೇಲೆ ಕಾರ್ಡ್ ಬಳಸಿದೆವು. ಎಲ್ಲ ಕಡೆ ನಡೆಯುತ್ತದೆ, ಟ್ರಾಮಿನೊಳಗೂ. ಎಟಿಎಂ ಅಥವಾ ಅಂಗಡಿಯ ಮೆಷಿನ್ ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ ಅಂತ ಕೇಳಿದರೆ ಬೇಡ ಅನ್ನಿ, ಕೊರೂನಾದಲ್ಲೇ ಕಟ್ಟಿ. ಬೀದಿಯಲ್ಲಿ ಒಳ್ಳೇ ದರ ಕೊಡ್ತೀನಿ ಅಂತ ಹತ್ತಿರ ಬರುವವರಿಂದ ದೂರ ಇರಿ. ಒಂದಿಷ್ಟು ಚಿಲ್ಲರೆ ಮಾತ್ರ ಜೇಬಲ್ಲಿರಲಿ, ಶೌಚಾಲಯಕ್ಕೆ ಬೇಕು. ವಯಸ್ಸಾದವರ ಜೊತೆ ಹೋದರೆ ಇದು ಸಣ್ಣ ಮಾತಲ್ಲ.

ಮಾರನೇ ದಿನ ಮೇ 8. ಯುರೋಪಿನಲ್ಲಿ ಎರಡನೇ ಮಹಾಯುದ್ಧ ಮುಗಿದ ದಿನ, ರಜೆ. ಮೊಸರು ತರೋಣ ಅಂತ ಹೊರಟರೆ ದೊಡ್ಡ ಅಂಗಡಿಗಳೆಲ್ಲ ಬಂದ್. ಕೆಲವು ರಜಾ ದಿನಗಳಲ್ಲಿ 200 ಚದರ ಮೀಟರಿಗಿಂತ ದೊಡ್ಡ ಅಂಗಡಿ ತೆಗೆಯುವ ಹಾಗಿಲ್ಲವಂತೆ. ಕಾಪಾಡಿದ್ದು ಮೂಲೆಯ ವೆಚೆರ್ಕಾ. ನಮ್ಮ ಕಡೆಯ ಕಾಕಾ ಅಂಗಡಿ ಇದ್ದ ಹಾಗೆ, ನಡೆಸುವವರು ಹೆಚ್ಚಾಗಿ ವಿಯೆಟ್ನಾಂ ಮೂಲದವರು. ಅಲ್ಲಿ ಬೀಲಿ ಯೊಗುರ್ಟ್ ಅಂತ ಕೇಳಿ. ಬಿಳಿ ಮೊಸರು ಅಂತ ಅರ್ಥ, ಸಕ್ಕರೆ ಹಾಕಿರಲ್ಲ. ಬೀಲಿ ಅಂದರೆ ಬಿಳಿ! ಅಪ್ಪ ಖುಷಿಯಾಗಿಬಿಟ್ಟರು. ಊರಿಂದ ತಂದ ಅಕ್ಕಿ, ಉಪ್ಪಿನಕಾಯಿ, ಈ ಮೊಸರು, ರಾತ್ರಿ ಊಟ ಮುಗೀತು.

ಹೊರಗೆ ಸಸ್ಯಾಹಾರ ಸಿಗುತ್ತದೆ, ಆದರೆ ಕೇಳುವ ರೀತಿ ಇದೆ. ಬೆಜ್ ಮಸಾ ಅಂದರೆ ಮಾಂಸ ಇಲ್ಲದ್ದು ಅಂತ. ನಾವು ಹಾಗೆ ಕೇಳಿದ ಸೂಪಿನಲ್ಲೇ ಹ್ಯಾಮ್ ಚೂರು ತೇಲುತ್ತಿತ್ತು, ತಂದವರ ಲೆಕ್ಕದಲ್ಲಿ ಅದು ಮಾಂಸವಲ್ಲ. ಹ್ಯಾಮ್ ಬೇಡ ಅಂತ ಬಿಡಿಸಿ ಹೇಳಬೇಕು. ಕರಿದ ಚೀಸಿನ ಸ್ಮಾಝೆನಿ ಸೀರ್ ಎಲ್ಲ ಕಡೆ ಸಿಗುತ್ತದೆ, ಜೊತೆಗೆ ಕೊಡುವ ಬಿಳಿ ಸಾಸಿನಲ್ಲಿ ಮೊಟ್ಟೆ ಇರುತ್ತದೆ. ನೀರಿನ ಬಾಟಲಿ ಕೊಳ್ಳುವಾಗ ನೆಪೆರ್ಲಿವಾ ಅಂತ ಓದಿ ತಗೊಳ್ಳಿ. ಪೆರ್ಲಿವಾ ಅಂದರೆ ಗ್ಯಾಸ್ ನೀರು. ಬಾಯಾರಿದ್ದ ಅಪ್ಪ ಒಂದು ಗುಟುಕು ಕುಡಿದು "ಇದು ಸೋಡಾ ಕಣೋ, ನಿಂಬೆಹಣ್ಣು ಎಲ್ಲಿ?" ಅಂದರು. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಂಡರೆ ಈ ತಾಪತ್ರಯವೇ ಇಲ್ಲ.

ನೋಡುವ ಜಾಗಗಳಲ್ಲಿ ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಆರಕ್ಕೇ ಹೋಗಿ. ಹತ್ತು ಗಂಟೆಗೆ ಹೋದರೆ ದಸರಾ ಜಂಬೂಸವಾರಿ ದಿನದ ಸಯ್ಯಾಜಿರಾವ್ ರಸ್ತೆ. 516 ಮೀಟರ್ ಉದ್ದ, ಎರಡೂ ಪಕ್ಕ ಸೇರಿ 30 ಮೂರ್ತಿ ಗುಂಪುಗಳು, ಕೆಳಗೆ ವ್ಲತಾವಾ ನದಿ. ನಾಲ್ಕನೇ ಚಾರ್ಲ್ಸ್ ದೊರೆ ಇದಕ್ಕೆ ಮುಹೂರ್ತ ನೋಡಿ ಕಲ್ಲು ಇಡಿಸಿದ ಅಂತ ಕಥೆ ಇದೆ. 1357ನೇ ಇಸವಿ, 9ನೇ ತಾರೀಕು, 7ನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷ. ಸಾಲಾಗಿ ಬರೆಯಿರಿ, 1 3 5 7 9 7 5 3 1. ಏರಿ ಇಳಿಯುವ ಬೆಸಸಂಖ್ಯೆ. ದಿನಾ ಪಂಚಾಂಗ ನೋಡುವ ಅಪ್ಪ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ "ರಾಹುಕಾಲ ನೋಡಿದ್ನಾ?" ಅಂದರು.

ಹಳೇ ಊರಿನ ಚೌಕದಲ್ಲಿರುವ 1410ರ ಗೋಪುರ ಗಡಿಯಾರ ಗಂಟೆಗೊಮ್ಮೆ ಬಾರಿಸುವಾಗ ಯೇಸುವಿನ ಹನ್ನೆರಡು ಶಿಷ್ಯರ ಬೊಂಬೆಗಳು ಕಿಟಕಿಯಲ್ಲಿ ಮೆರವಣಿಗೆ ಹೋಗುತ್ತವೆ. ನನಗೆ ಅಷ್ಟೇನೂ ಅನ್ನಿಸಲಿಲ್ಲ. ಎಲ್ಲರೂ ಮೇಲೆ ನೋಡುವಾಗ ಜೇಬು ಹುಷಾರು. ಕೋಟೆಗೆ ಹತ್ತಿ ಸುಸ್ತಾಗಬೇಡಿ, 22 ನಂಬರ್ ಟ್ರಾಮ್ ಮೇಲಕ್ಕೇ ಬಿಡುತ್ತದೆ. ಅಲ್ಲಿನ ಸೇಂಟ್ ವಿಟಸ್ ಚರ್ಚ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಜಾವಾ ಹುಟ್ಟಿದ ವರ್ಷ! ಅಪ್ಪನ ಪ್ರಕಾರ ಆ ವರ್ಷದ ದೊಡ್ಡ ಸುದ್ದಿ ಯಾವುದು ಅಂತ ಬೇರೆ ಹೇಳಬೇಕಿಲ್ಲ. ಹಳೇ ಊರೆಲ್ಲ ಕಲ್ಲು ಹಾಸಿನ ರಸ್ತೆ, ದಪ್ಪ ಅಡಿಯ ಶೂ ಬೇಕೇ ಬೇಕು. ಚಕ್ರದ ಸೂಟ್‌ಕೇಸ್ ಅಲ್ಲಿ ಎಳೆದರೆ ಚಕ್ರದ ಆಸೆ ಬಿಡಿ.

ನಾಲ್ಕನೇ ದಿನ ಲೆಟ್ನಾ ಗುಡ್ಡದ ಮೇಲಿನ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂಗೆ ಹೋದೆವು. ಸೋಮವಾರ ರಜೆ, ನೆನಪಿರಲಿ. ಒಂದು ದೊಡ್ಡ ಹಜಾರದಲ್ಲಿ ಕೆಳಗೆ ಕಾರು, ರೈಲು ಎಂಜಿನ್ನು, ಮೇಲೆ ತೂಗುಹಾಕಿದ ವಿಮಾನಗಳು. ಆದರೆ ಅಪ್ಪನಿಗೆ ಸಿಗಬೇಕಾದ್ದು ಸಿಕ್ಕಿದ್ದು ಹೊರಗೆ, ಟ್ರಾಮ್ ಸ್ಟಾಪಿನ ಹತ್ತಿರದ ಒಂದು ಬೀದಿಯಲ್ಲಿ. ಮರದ ಕೆಳಗೆ ಮರೂನ್ ಬಣ್ಣದ ಹಳೇ ಜಾವಾ ನಿಂತಿತ್ತು. ಅಪ್ಪ ಮಂಡಿ ನೋವು ಮರೆತು ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಟ್ಯಾಂಕಿನ ಪಕ್ಕದ ಕ್ರೋಮ್ ಮೇಲೆ ಬೆರಳು ಆಡಿಸಿದರು. ಅಷ್ಟರಲ್ಲಿ ಕಟ್ಟಡದಿಂದ ಗಾಡಿಯವನು ಬಂದ, ಅರವತ್ತರ ಆಸುಪಾಸು. ಮುಖದಲ್ಲಿ ಅನುಮಾನ.

"ದೊಬ್ರಿ ದೆನ್" ಅಂದೆ, ನಮ್ಮ ನಮಸ್ಕಾರದ ಹಾಗೆ. ಅಪ್ಪ ಎದೆ ಮುಟ್ಟಿಕೊಂಡು "ಜಾವಾ. ಮೈಸೂರ್. ಇಂಡಿಯಾ" ಅಂದರು.

"ಯಾವಾ" ಅಂತ ಆತ ತಿದ್ದಿದ. ಅವರ ಭಾಷೆಯಲ್ಲಿ ಆ ಅಕ್ಷರವನ್ನು ಯಕಾರದ ಹಾಗೆ ಹೇಳುತ್ತಾರೆ.

ಅಪ್ಪ ಗೇರ್ ಹಾಕುವ ಲಿವರನ್ನು ತೋರಿಸಿ, ಅದನ್ನೇ ಪಾದದಿಂದ ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆಯುವ ಅಭಿನಯ ಮಾಡಿದರು. ಹಳೇ ಜಾವಾದಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್, ಓಡಿಸದವನಿಗೆ ಇದು ಗೊತ್ತಾಗಲ್ಲ. ಆತನ ಅನುಮಾನ ಅಲ್ಲಿಗೆ ಹೋಯಿತು. ಅಪ್ಪನ ಹೆಗಲ ಮೇಲೆ ಕೈ ಹಾಕಿ ಚೆಕ್ ಭಾಷೆಯಲ್ಲಿ ಏನೇನೋ ಹೇಳಿದ. ಅಪ್ಪ ಕನ್ನಡದಲ್ಲೇ ಉತ್ತರ ಕೊಟ್ಟರು. ಕಡೆಗೆ, ಮೈಸೂರಿನಲ್ಲಿ ಆಮೇಲೆ ಗಾಡಿಯ ಹೆಸರು ಬದಲಾಯಿತು ಅಂತ ಹೇಳಲು ಹೋಗಿ "ಫಸ್ಟ್ ಜಾವಾ, ನೆಕ್ಸ್ಟ್ ಯೆಜ್ದಿ" ಅಂದರು.

ಆತ ಗಹಗಹಿಸಿ ನಗತೊಡಗಿದ. "ಯಾವಾ ಯೆಜ್ದಿ! ಯಾವಾ ಯೆಜ್ದಿ!" ಅಂತ ಹೇಳಿಕೊಂಡು ಒಂದೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಮಾಡಿದ. ಎರಡು ಸೈಲೆನ್ಸರಿನಿಂದ ನೀಲಿ ಹೊಗೆ, ಅದೇ ಡುಗುಡುಗು. ನಮಗೆ ನಗುವಿನ ಕಾರಣ ಮಾತ್ರ ತಿಳಿಯಲಿಲ್ಲ. ಆ ಹೆಸರು ಇರಾನಿನ ಯಜ್ದ್ ಊರಿಂದ ಬಂದದ್ದು ಅಂತ ಅಪ್ಪ ಹಿಂದೆ ಎಲ್ಲೋ ಕೇಳಿದ್ದರು, ಅದರಲ್ಲಿ ನಗುವಂಥದ್ದು ಏನಿದೆ?

ಕೋಣೆ ಬಿಡುವ ದಿನ ರಿಸೆಪ್ಷನ್ ಹುಡುಗಿಯನ್ನು ಕೇಳಿದೆ. ಅವಳೂ ನಕ್ಕಳು. ಚೆಕ್ ಭಾಷೆಯಲ್ಲಿ ಯೆಜ್ದಿ ಅಂದರೆ ಓಡುತ್ತೆ ಅಂತ ಅರ್ಥವಂತೆ. ಜಾವಾ ಓಡುತ್ತೆ.

ಏರ್‌ಪೋರ್ಟಿಗೆ ಅದೇ 119. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು. ಹಸಿರು ಬಿತ್ತು, ಹೊರಟಿತು. ಪಕ್ಕದ ಸೀಟಿನಲ್ಲಿ ಪಾಸ್‌ಪೋರ್ಟ್ ಹಿಡಿದು ಕೂತಿದ್ದ ಅಪ್ಪ ಕಿಟಕಿಯ ಆಚೆ ನೋಡುತ್ತಾ ತಮ್ಮಷ್ಟಕ್ಕೆ ತಾವೇ "ಯೆಜ್ದಿ" ಅಂದುಕೊಂಡರು.