ಪಾಳಿಯ ನಡುವೆ ಒಬ್ಬೊಬ್ಬರಿಗಾಗಿ ಅರ್ಧ ಗಂಟೆ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗವನ್ನು ನೋಡಿಕೊಳ್ಳುತ್ತಿರುವ ನನಗೆ, ಕೈಕೆಳಗಿನ ಪ್ರತಿಯೊಬ್ಬರೊಡನೆ ಪ್ರತ್ಯೇಕವಾಗಿ ಕುಳಿತು ಮಾತನಾಡುವುದು ಉಳಿದೆಲ್ಲ ಮೀಟಿಂಗ್‌ಗಳಿಗಿಂತ ಮುಖ್ಯವಾದ ಕೆಲಸ. ರಿಜೆಕ್ಷನ್ (ತಪಾಸಣೆಯಲ್ಲಿ ತಿರಸ್ಕೃತವಾದ ಬಿಡಿಭಾಗಗಳು), ಗ್ರಾಹಕರ ದೂರು, ದಿನದ ಟಾರ್ಗೆಟ್ ಇವೆಲ್ಲ ಬೆಳಗಿನ ಮೀಟಿಂಗ್‌ನಲ್ಲೇ ಚರ್ಚೆಯಾಗುತ್ತವೆ. ಅವನ್ನೇ ಇಲ್ಲಿಗೂ ತಂದರೆ ನೌಕರರು ವರದಿ ಒಪ್ಪಿಸಿ ಎದ್ದು ಹೋಗುತ್ತಾರೆ.

ಇಂತಹ ಭೇಟಿ ಕೈಕೆಳಗಿನವರಿಗೆ ಸೇರಿದ್ದು, ಏನು ಮಾತನಾಡಬೇಕೆಂಬ ಪಟ್ಟಿಯನ್ನು ಅವರೇ ತರಬೇಕು, ಕನಿಷ್ಠ ಒಂದು ಗಂಟೆಯಾದರೂ ನಡೆಯಬೇಕು ಎಂದು ಇಂಟೆಲ್ ಕಂಪನಿಯನ್ನು ಮುನ್ನಡೆಸಿದ ಆ್ಯಂಡಿ ಗ್ರೋವ್ 1980ರ ದಶಕದಲ್ಲೇ ಹೇಳಿದ್ದರು. ಮೂರು ಪಾಳಿಗಳಲ್ಲಿ ಉತ್ಪಾದನಾ ಲೈನ್ ಓಡುವ ಕಡೆ ಒಂದು ಗಂಟೆ ಬಿಡಿಸಿಕೊಳ್ಳುವುದು ಕಷ್ಟವಾದ್ದರಿಂದ ನಾನು ಅರ್ಧ ಗಂಟೆ ಇಟ್ಟುಕೊಂಡಿದ್ದೇನೆ. ಆದರೆ ಅದು ಪಾಳಿಯ ಒಳಗೇ ಆಗಬೇಕು, ಆ ಹೊತ್ತಿಗೆ ಅವರ ಜಾಗದಲ್ಲಿ ಬೇರೊಬ್ಬರು ನಿಂತಿರಬೇಕು. ಡ್ಯೂಟಿ ಮುಗಿದ ಮೇಲೆ ಕೂರಿಸಿಕೊಂಡರೆ ಅವರ ಗಮನವೆಲ್ಲ ಕಂಪನಿ ಬಸ್ಸಿನ ಮೇಲಿರುತ್ತದೆ. ಗಾಜಿನ ಕ್ಯಾಬಿನ್‌ಗೂ ಕರೆಯುವುದಿಲ್ಲ. ಹೊರಗಿನಿಂದ ನೋಡಿದವರೆಲ್ಲ ಬೈಸಿಕೊಳ್ಳುತ್ತಿದ್ದಾರೆಂದೇ ತಿಳಿಯುತ್ತಾರೆ.

ಎರಡನೇ ಪಾಳಿಯ ರಿಜಿಸ್ಟರ್‌ನಲ್ಲಿ ಕೊನೆಯ ಕೆಲವು ಅಳತೆಗಳು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ವ್ಯತ್ಯಾಸವೂ ಇಲ್ಲದೆ ಒಂದೇ ಆಗಿರುವುದನ್ನು ಒಮ್ಮೆ ಗಮನಿಸಿದೆ; ಅಳೆಯದೆಯೇ ಬರೆದಂತಿತ್ತು. ಬರೆಯುತ್ತಿದ್ದವರು ಮಧುಗಿರಿ ಕಡೆಯಿಂದ ಬರುವ ತರುಣಿ. ಎಲ್ಲರೆದುರು ಕೇಳಿದ್ದರೆ "ಇನ್ನು ಮೇಲೆ ಸರಿಯಾಗಿ ಬರೀತೀನಿ ಸರ್" ಎಂಬ ಉತ್ತರಕ್ಕೆ ಮಾತು ಮುಗಿಯುತ್ತಿತ್ತು. ಅವರ ಸರದಿ ಬಂದಾಗ, ಸಂಜೆಯ ಕೆಲಸ ಹೇಗೆ ನಡೆಯುತ್ತದೆಂದು ಮೊದಲಿನಿಂದ ಹೇಳುವಂತೆ ಕೇಳಿ ಸುಮ್ಮನೆ ಕುಳಿತೆ. ಕ್ಯಾಂಟೀನ್, ರಜೆ, ಅಳತೆಯ ಸಾಧನವಾದ ಮೈಕ್ರೋಮೀಟರ್ ಬೇರೆ ಲೈನ್‌ಗೆ ಹೋಗಿಬಿಡುವುದು ಎಲ್ಲವೂ ಬಂದ ಮೇಲೆ ಅವರೆಂದರು: "ಪಾಳಿ ಬದಲಾಗೋಕೆ ಹತ್ತಕ್ಕೆ ಲೈನ್ ನಿಲ್ಲುತ್ತೆ ಸರ್, ಹತ್ತೂಕಾಲಿಗೆ ಬಸ್ ಹೊರಡುತ್ತೆ. ಕೊನೆ ಟ್ರೇ ನೋಡಿ, ಬರೆದು, ಗೇಜ್ ಒಪ್ಪಿಸೋಷ್ಟರಲ್ಲಿ ಬಸ್ ಹೋದ್ರೆ ಆ ಹೊತ್ತಲ್ಲಿ ನಾನು ಊರಿಗೆ ಹೇಗೆ ಹೋಗ್ಲಿ?" ಕೊನೆಯ ಟ್ರೇಯ ತಪಾಸಣೆಯನ್ನು ಸ್ವಲ್ಪ ಮೊದಲೇ ಇಟ್ಟು, ಬಸ್ಸನ್ನು ಸ್ವಲ್ಪ ತಡವಾಗಿ ಬಿಡಿಸಿದ ಮೇಲೆ ರಿಜಿಸ್ಟರ್ ತಾನಾಗಿಯೇ ಸರಿಹೋಯಿತು. ಮುಖ್ಯ ವಿಷಯ ಬಹುತೇಕ ಕೊನೆಯ ಹತ್ತು ನಿಮಿಷಗಳಲ್ಲೇ ಹೊರಬರುತ್ತದೆ. ಅಲ್ಲಿಯವರೆಗೆ ನಡುವೆ ಬಾಯಿ ಹಾಕದೆ ಇರುವುದೇ ಮ್ಯಾನೇಜರ್‌ಗೆ ಎಲ್ಲಕ್ಕಿಂತ ಕಷ್ಟದ ಕೆಲಸವೆಂದು ನನಗನಿಸುತ್ತದೆ.

ಹೊಸಬರೊಡನೆ ವಾರಕ್ಕೊಮ್ಮೆ, ಕೆಲಸದಲ್ಲಿ ನುರಿತವರೊಡನೆ ತಿಂಗಳಿಗೊಮ್ಮೆ ಕೂರುತ್ತೇನೆ; ನುರಿತವರಿಗೂ ಹೊಸ ಯಂತ್ರ ಕೊಟ್ಟರೆ ಮತ್ತೆ ವಾರಕ್ಕೊಮ್ಮೆ. ಕೇಳಿದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಮುಂದಿನ ಭೇಟಿಯನ್ನು ಆ ಪುಟದಿಂದಲೇ ಆರಂಭಿಸುತ್ತೇನೆ. ಮನೆಯ ಕಷ್ಟಗಳನ್ನು ಮಾತ್ರ ಬರೆದುಕೊಳ್ಳುವುದಿಲ್ಲ. ಸಂಬಳ, ಬಡ್ತಿಯಂತಹ ನನ್ನ ಕೈಯಲ್ಲಿಲ್ಲದ ವಿಷಯಗಳಿಗೆ "ನೋಡೋಣ" ಎನ್ನದೆ, ಎಚ್‌ಆರ್‌ನವರನ್ನು ಕೇಳಿ ಯಾವ ದಿನ ಉತ್ತರ ತಿಳಿಸುತ್ತೇನೆಂದು ಹೇಳುತ್ತೇನೆ. ಉತ್ತರ "ಇಲ್ಲ, ಆಗುವುದಿಲ್ಲ" ಎಂದೇ ಬಂದರೂ ಆ ದಿನವೇ ಲೈನ್ ಬಳಿ ಹೋಗಿ ತಿಳಿಸುತ್ತೇನೆ.