ಡೆನ್ಮಾರ್ಕಿನಲ್ಲಿ ಪೂರ್ವಜರ ಜಾಡು: ವಿಮಾನ ಹತ್ತುವ ಮೊದಲು ಪ್ಯಾರಿಷ್ ಗೊತ್ತಿರಲಿ

ಮುತ್ತಜ್ಜನ ಹೆಸರೊಂದನ್ನೇ ಹಿಡಿದು ಕೋಪನ್‌ಹೇಗನ್‌ಗೆ ಹೋದವರು ಸಾಮಾನ್ಯವಾಗಿ ಬರಿಗೈಯಲ್ಲಿ ವಾಪಸಾಗುತ್ತಾರೆ. ಬೇಕಾದ್ದು ಅವನು ಹುಟ್ಟಿದ ಪ್ಯಾರಿಷ್, ಅಂದರೆ ಯಾವ ಚರ್ಚಿನ ವ್ಯಾಪ್ತಿಯ ಹಳ್ಳಿ ಎಂಬುದು. ಅದು ಸಿಕ್ಕರೆ ಮುಕ್ಕಾಲು ಕೆಲಸ ಮನೆಯಲ್ಲೇ ಮುಗಿಯುತ್ತದೆ. ಚರ್ಚ್ ಪುಸ್ತಕ (ಪ್ಯಾರಿಷ್‌ನ ಹುಟ್ಟು, ಮದುವೆ, ಸಾವು ಬರೆದಿಟ್ಟ ದಾಖಲೆ), ಜನಗಣತಿಗಳನ್ನು ರಾಷ್ಟ್ರೀಯ ದಾಖಲಾಗಾರ ರಿಗ್ಸಾರ್ಕಿವೆಟ್ ಸ್ಕ್ಯಾನ್ ಮಾಡಿ ತನ್ನ ಜಾಲತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿದೆ.

ಅಮೆರಿಕಕ್ಕೆ ವಲಸೆ ಹೋದವನಾದರೆ ಕೋಪನ್‌ಹೇಗನ್ ಪೊಲೀಸರ ವಲಸೆ ಪಟ್ಟಿಯಿಂದ (1869ರಿಂದ 1940) ಶುರು ಮಾಡಿ. ವಯಸ್ಸು, ಕಸುಬು, ಕೊನೆಯ ವಾಸಸ್ಥಳ ಅದರಲ್ಲಿವೆ. ಹ್ಯಾಂಬರ್ಗ್‌ನಿಂದ ನೇರವಾಗಿ ಹಡಗು ಹತ್ತಿದವರು ಅಲ್ಲಿ ಸಿಗದಿರಬಹುದು, ಅವರಿಗೆ ಹ್ಯಾಂಬರ್ಗ್‌ನ ಪ್ರಯಾಣಿಕರ ಪಟ್ಟಿಯೇ ಗತಿ. ಜನಗಣತಿಯಲ್ಲಿ ಹುಟ್ಟಿದೂರು ಬರುವುದು 1845ರಿಂದ, ಹುಟ್ಟಿದ ದಿನ 1901ರಿಂದ.

ಎಡವುವುದು ಹೆಸರಿನಲ್ಲಿ. ಅಪ್ಪನ ಹೆಸರಿಗೆ ‘ಸೆನ್’ ಸೇರಿಸಿದರೆ ಮಗನ ಎರಡನೇ ಹೆಸರು: ಪೇಡರ್ ಹಾನ್ಸೆನ್‌ನ ಮಗ ಯೆನ್ಸ್ ಪೇಡರ್ಸೆನ್, ಅವನ ಮಗ ಯೆನ್ಸೆನ್. ಕುಟುಂಬಕ್ಕೊಂದೇ ಹೆಸರಿರಲಿ ಎಂಬ ಆದೇಶ 1828ರಲ್ಲೇ ಬಂದರೂ ಹಳ್ಳಿಗಳು ಎಷ್ಟೋ ದಶಕ ಕಿವಿಗೊಡಲಿಲ್ಲ. ಹಾಗಾಗಿ ಹೆಸರಿನ ಹಿಂದೆ ಹೋಗಬೇಡಿ, ಹಳ್ಳಿಯ ಹಿಂದೆ ಹೋಗಿ.

1814ರ ನಂತರದ ಚರ್ಚ್ ಪುಸ್ತಕದಲ್ಲಿ ಜನನಕ್ಕಿಂತ ಮೊದಲು ದೃಢೀಕರಣದ (ಹದಿಹರೆಯದವರು ಚರ್ಚಿನಲ್ಲಿ ತಮ್ಮ ನಂಬಿಕೆ ದೃಢಪಡಿಸುವ ವಿಧಿ) ಪುಟ ತೆರೆಯುವುದು ಜಾಣತನ. ಹದಿನಾಲ್ಕರ ಆಸುಪಾಸಿನ ಹುಡುಗನ ಒಂದೇ ಸಾಲಿನಲ್ಲಿ ತಂದೆತಾಯಿ, ಹುಟ್ಟಿದ ದಿನ, ಸಿಡುಬಿನ ಲಸಿಕೆ ಹಾಕಿಸಿದ್ದು, ಎಲ್ಲ ಇರುತ್ತದೆ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಅಚ್ಚಿನ ಕಾಲಂಗಳಿಲ್ಲ. ಗೋಥಿಕ್ ಕೈಬರಹ, ತಾರೀಖಿನ ಜಾಗದಲ್ಲಿ ‘ಟ್ರಿನಿಟಿ ನಂತರದ ಮೂರನೇ ಭಾನುವಾರ’ ಎಂಬಂಥ ಹಬ್ಬದ ಲೆಕ್ಕ. ಇಂಥ ಹಬ್ಬಗಳ ದಿನ ಈಸ್ಟರ್ ಮೇಲೆ ನಿಂತಿರುವುದರಿಂದ, ಆ ವರ್ಷದ ಈಸ್ಟರ್ ಯಾವತ್ತು ಬಿತ್ತು ಎಂಬ ಕೋಷ್ಟಕ ಕೈಯಲ್ಲಿದ್ದರಷ್ಟೇ ಅದು ತಾರೀಖಾಗುತ್ತದೆ.

ಜರ್ಮನಿಗೆ ಅಂಟಿಕೊಂಡ ದಕ್ಷಿಣ ಯೂಟ್‌ಲೆಂಡಿನವರನ್ನು ಹುಡುಕುವ ದಾರಿ ಬೇರೆ. 1864ರಿಂದ 1920ರವರೆಗೆ ಆ ಸೀಮೆ ಜರ್ಮನ್ನರ ಕೈಯಲ್ಲಿತ್ತು, ಆದ್ದರಿಂದ ಉದಾಹರಣೆಗೆ 1880ರ ಡೇನಿಶ್ ಜನಗಣತಿಯಲ್ಲಿ ಅವರಿಲ್ಲ. ಅವರನ್ನು ಹುಡುಕುವವರು ಕೋಪನ್‌ಹೇಗನ್ ಬಿಟ್ಟು ಆ ಸೀಮೆಯ ಆಬೆನ್ರಾ ಊರಿನ ದಾಖಲಾಗಾರಕ್ಕೆ ಹೋಗಬೇಕು.

ಸ್ಕ್ಯಾನ್ ಆಗದ ಕಾಗದಗಳಿಗಾಗಿ ಮಾತ್ರ ಪ್ರಯಾಣ ಇಟ್ಟುಕೊಳ್ಳಿ: ಜಮೀನ್ದಾರಿ ಎಸ್ಟೇಟುಗಳ ಗೇಣಿ ಪತ್ರ, ಕೆಲವು ಕಡೆಯ ಆಸ್ತಿ ಹಂಚಿಕೆಯ ದಾಖಲೆ. ಕಟ್ಟುಗಳು ದೂರದ ಉಗ್ರಾಣದಲ್ಲಿರುವುದರಿಂದ ಡೈಸಿ ಎಂಬ ದಾಖಲಾಗಾರದ ಕ್ಯಾಟಲಾಗ್‌ನಲ್ಲಿ ಹುಡುಕಿ ಮುಂಚಿತವಾಗಿ ಕಾಯ್ದಿರಿಸಬೇಕು. ಓದುಕೋಣೆ ವಾರದ ಎಲ್ಲ ದಿನ ತೆರೆದಿರುವುದಿಲ್ಲ; ಅದನ್ನು ನೋಡಿಕೊಂಡೇ ಟಿಕೆಟ್ ತೆಗೆಸಿ. ಕೋಪನ್‌ಹೇಗನ್‌ನ ಓದುಕೋಣೆ ಕಾಲ್ವೆಬೋಡ್ ಬ್ರಿಗ್ಗೆ ರಸ್ತೆಯಲ್ಲಿದೆ, ಮುಖ್ಯ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಭಾರತದಿಂದ ಹೊರಡುವವರು ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು.

ಹಳ್ಳಿಗೆ ಹೋದಾಗ ಸಮಾಧಿ ಹುಡುಕುತ್ತ ದಿನ ಕಳೆಯಬೇಡಿ. ಡೆನ್ಮಾರ್ಕಿನಲ್ಲಿ ಸಮಾಧಿಯ ಜಾಗ ಗುತ್ತಿಗೆಯದು. ಶವಪೆಟ್ಟಿಗೆಗೆ ಸುಮಾರು 20ರಿಂದ 30 ವರ್ಷ. ಆಮೇಲೆ ಯಾರೂ ಹಣ ಕಟ್ಟದಿದ್ದರೆ ಕಲ್ಲು ಕಿತ್ತು ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ. (ಡೇನರು 1620ರಿಂದ 1845ರವರೆಗೆ ಇದ್ದ ನಮ್ಮ ಪಕ್ಕದ ತಮಿಳುನಾಡಿನ ತರಂಗಂಬಾಡಿಯಲ್ಲಿ ಅವರ ಹಳೆಯ ಗೋರಿಗಳು ಇನ್ನೂ ಇವೆ!) ಆದರೆ ಮುತ್ತಜ್ಜನಿಗೆ ದೀಕ್ಷಾಸ್ನಾನ ಮಾಡಿಸಿದ ಕಲ್ಲಿನ ಬೋಗುಣಿ ಎಷ್ಟೋ ಚರ್ಚುಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಒಳಗೆ ನೋಡಬೇಕಿದ್ದರೆ ಬಾಗಿಲು ಯಾವಾಗ ತೆರೆದಿರುತ್ತದೆಂದು ಚರ್ಚಿನ ಕಚೇರಿಗೆ ಮೊದಲೇ ಇಮೇಲ್ ಹಾಕಿ. ವಾರಾಂತ್ಯದಲ್ಲಿ ಹಳ್ಳಿಯ ಬಸ್ಸುಗಳು ಕಮ್ಮಿ, ಹೊರಡುವ ಮುಂಚೆ ರೈಸೆಪ್ಲಾನೆನ್ ಆ್ಯಪ್‌ನಲ್ಲಿ ವಾಪಸಿನ ಬಸ್ಸಿನ ಸಮಯವನ್ನೂ ನೋಡಿಕೊಳ್ಳಿ.